ನಾಲ್ಕನೇ ವಾರದ ಓದು

ಆಗಸ್ಟ್ 5, ಸೋಮವಾರ

ಬೆಳಿಗ್ಗೆಯಿಂದ ಅದೇ ಹಳೇ ರಾಗ. ಆನ್‌ಲೈನ್ ಕೋರ್ಸುಗಳು ಶುರುವಾಗಲು ಇನ್ನು ಎರಡೇ ವಾರ, ಎಲ್ಲ ಮೇಷ್ಟರಿಗೂ ಇವತ್ತೇ ಎಚ್ಚರವಾಗಿದೆ. ಅರ್ಥಶಾಸ್ತ್ರದವರು ಇಡೀ ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಹಾಕಿ ಎಂದರು. ಆಗುವುದಿಲ್ಲ ಎಂದೆ. "ಹಾಗಾದ್ರೆ ಅರ್ಧ?" ಎಂದರು, ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ಹಾಗೆ.

ಲೈಬ್ರರಿ ಚಂದಾ ಕಟ್ಟಿರುವ ಪತ್ರಿಕೆಯಾದರೆ ಲಿಂಕ್ ಕೊಡುತ್ತೇನೆ, ವಿದ್ಯಾರ್ಥಿ ತನ್ನ ಪಾಸ್‌ವರ್ಡ್ ಹಾಕಿ ಓದಿಕೊಳ್ಳಲಿ. ಕಾಗದದ ಪುಸ್ತಕ ಮಾತ್ರ ಇದ್ದರೆ ಒಂದು ಅಧ್ಯಾಯ. ಅದಕ್ಕಿಂತ ಹೆಚ್ಚು ಬೇಕೆಂದರೆ ಪ್ರಕಾಶಕರನ್ನು ಕೇಳಬೇಕು, ಕಾಯಬೇಕು. ನಿದ್ದೆಯಿಂದ ಎಬ್ಬಿಸಿದರೂ ಇಷ್ಟು ಒಪ್ಪಿಸಿಬಿಡುತ್ತೇನೆ.

ಮಧ್ಯಾಹ್ನ ಅರ್ಜೆಂಟ್ ಸರ್ ಮೇಲ್. ಭಾಷಾ ವಿಭಾಗದ ಮುಖ್ಯಸ್ಥರು. ಪ್ರತಿ ಮೇಲಿಗೂ 'ಅರ್ಜೆಂಟ್' ಎಂದೇ ತಲೆಬರಹ, ಹೊಸ ವರ್ಷದ ಶುಭಾಶಯಕ್ಕೂ. ಹಾಗಾಗಿ ಲೈಬ್ರರಿಯಲ್ಲಿ ಅವರಿಗೆ ಅದೇ ಹೆಸರು. ಕಿವಿ ಕೇಳಿಸದ ಮಕ್ಕಳು ಮನೆಯಲ್ಲಿ ತಾವೇ ಕಟ್ಟಿಕೊಳ್ಳುವ ಸನ್ನೆಗಳ ಬಗ್ಗೆ ಅವರದೊಂದು ಪುಸ್ತಕವಿದೆ. ಅವರಿಗೆ ಹೆಸರು ತಂದ ಪುಸ್ತಕ. ಅದು ಪೂರ್ತಿ ಕೋರ್ಸ್ ಪುಟಕ್ಕೆ ಬೇಕಂತೆ. ಫೋನ್ ಮಾಡಿದೆ.

"ನನ್ ಪುಸ್ತಕಕ್ಕೆ ನಾನೇ ಪರ್ಮಿಷನ್ ಕೇಳ್ಬೇಕೇನಮ್ಮಾ?"

"ಬರೆದವರು ನೀವೇ ಸರ್. ಆದ್ರೆ ಹಕ್ಕು ಪ್ರಕಾಶಕರಿಗೆ ಬರ್ಕೊಟ್ಟಿದೀರಲ್ಲ."

"ಇದೊಳ್ಳೆ ತಮಾಷೆ."

ಕೊನೆಗೆ ನಾಲ್ಕನೇ ಅಧ್ಯಾಯ ಒಂದಕ್ಕೆ ಒಪ್ಪಿದರು. ಅದು ನಾಲ್ಕನೇ ವಾರದ ಓದು. ಜೊತೆಗೆ ಅವರ ಉಪನ್ಯಾಸದ ವಿಡಿಯೊ, ಅದಕ್ಕೆ ಕ್ಯಾಪ್ಷನ್ ಹಾಕುವುದೂ ನನ್ನ ತಲೆಗೇ. ಪೂರ್ತಿ ಪುಸ್ತಕಕ್ಕೆಂದು ಪ್ರಕಾಶಕರಿಗೊಂದು ಮೇಲ್ ಹಾಕಿದೆ. ಸಿಕ್ಕರೆ ಸಿಗಲಿ.

ಅಕ್ಕನಿಗೆ ಹೇಳಿದರೆ ನಗುತ್ತಾಳೆ. ಒಂದು ಕಾಲಕ್ಕೆ ಇವರೇ ಅವಳ ಪಿಎಚ್.ಡಿ. ಗೈಡ್. ಅವಳು ಅರ್ಧಕ್ಕೆ ಬಿಟ್ಟಳು. ಈಗ ಜನಕ್ಕೆ ಕಾರು ಕಲಿಸುತ್ತಾಳೆ.

ಆಗಸ್ಟ್ 7, ಬುಧವಾರ

ಆದದ್ದನ್ನು ಆದ ಹಾಗೆ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಊಟಕ್ಕೆ ಮುಂಚೆ ಸ್ಕ್ಯಾನರ್ ಮುಂದೆ ನಿಂತಿದ್ದೆ. ಪುಟ ತಿರುಗಿಸು, ಗಾಜಿಗೆ ಒತ್ತು, ಬೆಳಕು ಹಾಯುವವರೆಗೆ ಕಾಯು. ಓದುವುದಿಲ್ಲ ನಾನು. ಸಾಲು ಓರೆಯಾಗಿದೆಯೋ ಎಂದು ನೋಡುತ್ತೇನೆ, ಅಷ್ಟೆ. ಹಾಗೆ ನೋಡುವಾಗ ಇದು ಕಣ್ಣಿಗೆ ಬಿತ್ತು —

'ಎರಡನೆಯ ಅಕ್ಕನಿಗೆ ಈ ಮಗು ಇಟ್ಟ ಹೆಸರು, ಎರಡೂ ಕಿವಿಗೆ ಬೆರಳಿಡುವುದು. ಆಕೆ ಗದ್ದಲ ತಾಳದೆ ಕಿವಿ ಮುಚ್ಚಿಕೊಂಡೇ ಓದುತ್ತಿದ್ದಳು. ತನಗೆ ಹುಟ್ಟಿನಿಂದ ಸಿಕ್ಕಿರುವುದನ್ನು ಅಕ್ಕ ಬೆರಳಿಟ್ಟು ಸಂಪಾದಿಸುತ್ತಾಳೆಂದು ಮಗುವಿಗೆ ಭಾರಿ ತಮಾಷೆ.'

ನಾನು. ಅದು ನಾನು.

ಮುಚ್ಚಳ ಹಾಕುವುದನ್ನೇ ಮರೆತು ಗುಂಡಿ ಒತ್ತಿದ್ದೆ, ಬೆಳಕು ನೇರ ಕಣ್ಣಿಗೇ ಹೊಡೆಯಿತು. ಹಿಂದಿನ ಪುಟ ತಿರುವಿದೆ. ದೊಡ್ಡಕ್ಕ — ಮೊಣಕೈ ತಟ್ಟುವುದು, ಕೈ ಮುರಿದು ಪ್ಲಾಸ್ಟರ್ ಹಾಕಿದ್ದರಿಂದ. ಅಪ್ಪ — ತಲೆಗೆ ಹೆಲ್ಮೆಟ್ ಇಳಿಸುವುದು. ಎದುರು ಮನೆಯ ನಾಯಿ, ಮೀಟರ್ ಓದಲು ಬರುವವನು, ಬಾಗಿಲ ಹಿಂದೆ ಅಡಗುವ ಆಟ... ನಮ್ಮ ಮನೆ. ತಮ್ಮ ಚಿಕ್ಕವನಿದ್ದಾಗ ಅವನ ಕೈಯಿಂದ ಹುಟ್ಟಿದ, ನಾವು ಐದು ಜನರಲ್ಲದೆ ಇನ್ನಾರಿಗೂ ಗೊತ್ತಿಲ್ಲದ ಮಾತು. ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಪುಸ್ತಕದಲ್ಲಿ ಅವನ ಹೆಸರು 'ಮಗು ಕ'.

ಅಧ್ಯಾಯದ ಮೊದಲ ಪುಟದಲ್ಲಿ ಹೀಗಿದೆ: 'ನಾನು ಎರಡು ವರ್ಷ ಈ ಮನೆಗೆ ಹೋಗಿಬರುತ್ತಿದ್ದೆ. ಆ ತಾಯಿ ನನ್ನನ್ನು ಮನೆಯವನಂತೆಯೇ ಕಂಡರು.'

ಅರ್ಜೆಂಟ್ ಸರ್ ನಮ್ಮ ಮನೆಯ ಹೊಸಿಲು ತುಳಿದವರಲ್ಲ. ಒಂದು ದಿನವೂ.

ಈ ಪುಸ್ತಕ ನಮ್ಮ ಶೆಲ್ಫಿನಲ್ಲಿ ಎಷ್ಟೋ ವರ್ಷದಿಂದ ಇದೆ. ಬೆನ್ನಿಗೆ ನಂಬರ್ ಅಂಟಿಸಿದವಳು ಬಹುಶಃ ನಾನೇ. ಒಂದು ಸಲವೂ ತೆರೆದು ನೋಡಲಿಲ್ಲ.

ಊಟ ಮಾಡಲಿಲ್ಲ. ಡಬ್ಬಿ ಹಾಗೇ ವಾಪಸ್ ತಂದೆ.

ಆಗಸ್ಟ್ 8, ಗುರುವಾರ

ಮತ್ತೆ ಓದಿದೆ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂತು. ನಿನ್ನೆ ತಲೆ ಕೆಟ್ಟಿತ್ತು, ಏನೋ ಕಲ್ಪಿಸಿಕೊಂಡೆ ಎನ್ನಿಸಲಿ ಎಂದು ಓದಿದೆ. ಎನ್ನಿಸಲಿಲ್ಲ.

'ಈ ಮಗುವಿನ ಕೈಗಳು ಬೇಡುವುದಕ್ಕೆ ಮೊದಲು ರೇಗಿಸುವುದನ್ನು ಕಲಿತವು.' ಇದು ಅಕ್ಕನ ಮಾತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ತಮ್ಮನ ತಲೆ ಸವರುತ್ತಾ. ಅವಳದೇ ಸಾಲು, ಅವಳದೇ ಉಸಿರು. ನಡುನಡುವೆ ಸರ್ ಅವರ ದಪ್ಪ ದಪ್ಪ ಪದ ತುರುಕಿದೆ, ಅಷ್ಟೆ.

ಅವಳು ಪಿಎಚ್.ಡಿ.ಗೆ ಇದನ್ನೇ ಬರೆಯುತ್ತಿದ್ದಳು. ನೆನಪಿದೆ. ಸರ್ ಹೇಳಿದರಂತೆ — ಒಂದೇ ಮನೆ, ಒಂದೇ ಮಗು, ಅದೂ ನಿಮ್ಮ ತಮ್ಮ. ಇದು ಸಂಶೋಧನೆ ಆಗೋದಿಲ್ಲಮ್ಮ, ಬರೆದದ್ದು ಇಲ್ಲೇ ಬಿಟ್ಟುಹೋಗಿ, ನೋಡೋಣ. ಅಕ್ಕ ಬಿಟ್ಟುಬಂದಳು. ಆಮೇಲೆ ಓದನ್ನೇ ಬಿಟ್ಟಳು.

ನೋಡೋಣ ಎಂದವರು ಚೆನ್ನಾಗಿಯೇ ನೋಡಿದ್ದಾರೆ.

ಆಗಸ್ಟ್ 9, ಶುಕ್ರವಾರ

ದೊಡ್ಡ ಮೇಡಂಗೆ ಹೇಳಿದೆ. ಲೈಬ್ರರಿಯ ಮುಖ್ಯಸ್ಥೆ, ಗೋಡೆ ಗಡಿಯಾರಕ್ಕೂ ಶಿಸ್ತು ಕಲಿಸುವ ಹೆಂಗಸು. ಬಾಗಿಲು ಹಾಕಿ ಎಲ್ಲ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ನಮ್ ಕೆಲ್ಸ ಎಷ್ಟು ಪುಟ ಹಾಕಬಹುದು ಅಂತ ನೋಡೋದು. ಯಾರು ಬರೆದ್ರು ಅಂತ ನೋಡೋದಲ್ಲ."

"ಮೇಡಂ, ಅದು ನನ್ ಮನೆ."

"ಗೊತ್ತಾಯ್ತು. ನಿನ್ ಹತ್ರ ತೋರ್ಸಕ್ಕೆ ಏನಿದೆ?"

ಏನಿದೆ? ಅಕ್ಕನ ಹಳೆಯ ಕಾಗದಗಳೊಂದೂ ಉಳಿದಿಲ್ಲ, ಮನೆ ಬದಲಿಸುವಾಗ ರದ್ದಿಗೆ ಹೋದವು.

"ಅಕ್ಕನ್ನ ಕೇಳು ಮೊದ್ಲು" ಎಂದರು. "ಅವ್ರ ವಿಷಯ ನೀನು ಎತ್ತೋದು ಸರಿಯಲ್ಲ."

ಸರಿಯಾದ ಮಾತು. ಆದರೂ ಮೆಟ್ಟಿಲಿಳಿಯುವಾಗ ಅಳು ಬಂತು.

ಆಗಸ್ಟ್ 11, ಭಾನುವಾರ

ಅಕ್ಕನ ಟ್ರೈನಿಂಗ್ ಕಾರಿನಲ್ಲಿ ಕೂತು ಹೇಳಿದೆ. ಮನೆಯಲ್ಲಿ ತಮ್ಮ ಇದ್ದ. ಇಬ್ಬರೂ ಒಟ್ಟಿಗಿರುವುದು, ನಾನು ಮಾತ್ರ ಬೇರೆ. ತಮ್ಮನಿಗೆ ಬೇರೆಯವರದಲ್ಲದಿದ್ದರೂ ನಮ್ಮಿಬ್ಬರ ತುಟಿ ಓದಲು ಬರುತ್ತದೆ. ಗುಟ್ಟು ಹೇಳಬೇಕೆಂದರೆ ಮನೆಯಿಂದ ಹೊರಗೇ ಬರಬೇಕು.

ಮೈದಾನದ ಪಕ್ಕ ಖಾಲಿ ರಸ್ತೆ. ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ. ನೋಡಿದಳು. ತೆರೆಯಲಿಲ್ಲ.

"ಇದಾ" ಎಂದಳು.

"ಇದಾ ಅಂದ್ರೆ?"

"ಬಂದಾಗ್ಲೇ ನೋಡಿದೀನಿ. ಅಂಗಡೀಲಿ ನಿಂತ್ಕೊಂಡೇ ಓದ್ದೆ. ಪಾಪ, ಅಂಗಡಿಯವ್ನು ಕೂತ್ಕೊಳಿ ಮೇಡಂ ಅಂತ ಸ್ಟೂಲ್ ತಂದ್ಕೊಟ್ಟ."

ಗೊತ್ತಿತ್ತು! ಇಷ್ಟು ವರ್ಷ ಗೊತ್ತಿತ್ತು! ನನಗೆ ಸ್ಕ್ಯಾನರ್ ಮುಂದೆ ಆದದ್ದಕ್ಕಿಂತ ಇದು ಜೋರಾಗಿ ಬಡಿಯಿತು. ಇವಳ ಜೊತೆ ವಾರ ವಾರ ಕೂತು ಉಂಡಿದ್ದೇನೆ, ಹರಟಿದ್ದೇನೆ. ಒಂದು ದಿನ ಮುಖದಲ್ಲಿ ಕಾಣಲಿಲ್ಲ.

"ಯಾಕೇ ಹೇಳ್ಲಿಲ್ಲ?"

"ಆಗ ಅಮ್ಮಂಗೆ ಹುಷಾರಿರ್ಲಿಲ್ಲ. ಆಮೇಲೆ..." ಸ್ಟೀರಿಂಗ್ ಮೇಲಿನ ಧೂಳು ಬೆರಳಲ್ಲಿ ತೆಗೆದಳು. "ಮೊದ್ಲು ಏನನ್ಸಿತು ಗೊತ್ತಾ? ಯಾರ ಹೆಸ್ರಲ್ಲೋ ಆಗ್ಲಿ, ಅಚ್ಚಾಯ್ತಲ್ಲ ಅಂತ. ಖುಷಿ ಆಯ್ತು ಕಣೇ. ಹಾಗೆ ಖುಷಿ ಆಗಿದ್ದಕ್ಕೇ ಆಮೇಲೆ ನಂಗೆ ಅಸಹ್ಯ ಆಯ್ತು."

"ಈಗ್ಲಾದ್ರೂ ಕೇಳೋಣ. ಬಿಡೋದು ಬೇಡ."

"ಬೇಡ."

"ಯಾಕೆ?"

ಪುಸ್ತಕವನ್ನು ನನ್ನ ಕಡೆ ತಳ್ಳಿದಳು. ಆಮೇಲೆ — "ಕೇಳಿದ್ರೆ ತಮ್ಮಂಗೆ ಗೊತ್ತಾಗತ್ತೆ. ಅವ್ನ ಮಾತು ನಾನು ಬರ್ಕೊಂಡೆ. ಅವ್ನನ್ನ ಕೇಳಿದ್ನಾ? ಮಗು, ಅವ್ನಿಗೇನು ಗೊತ್ತಾಗತ್ತೆ ಅಂದ್ಕೊಂಡೆ. ಸರ್ ನನ್ ಹತ್ರ ಕದ್ರು. ನಾನು?"

ಕಾರು ಸ್ಟಾರ್ಟ್ ಮಾಡಿದಳು.

ಆಗಸ್ಟ್ 14, ಬುಧವಾರ

ವಿಡಿಯೊಗೆ ಕ್ಯಾಪ್ಷನ್ ಹಾಕಬೇಕಿತ್ತು. ಬೇರೆಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ, ನೋಡಿಯೇ ಬಿಡುತ್ತೇನೆ ಎನ್ನುವ ಹಟ.

ನೋಡಬಾರದಿತ್ತು.

ಸರ್ ಹಿಂದೆ ಪುಸ್ತಕದ ಕಪಾಟು, ಮುಂದೆ ಒಂದು ಹೂದಾನಿ. ಒಂದೊಂದೇ ಸನ್ನೆ ಮಾಡಿ ತೋರಿಸುತ್ತಿದ್ದರು. ಕಿವಿಗೆ ಬೆರಳಿಟ್ಟು ನಕ್ಕರು — ನನ್ನ ಹೆಸರಿಗೆ. ಅದನ್ನೂ ಸಹಿಸಿದೆ. ಆಮೇಲೆ ಬೆರಳ ತುದಿಯನ್ನು ಹಣೆಯ ಮೇಲೆ ಎಳೆದರು. "ತಾಯಿ ಅಂದರೆ ಬೆವರು ಒರೆಸಿಕೊಳ್ಳುವವಳು. ದುಡಿದು ದಣಿದ ತಾಯಿಯನ್ನು ಆ ಪುಟ್ಟ ಮಗು ಹೇಗೆ ಕಂಡಿದೆ, ಗಮನಿಸಿ."

ಬೆವರಲ್ಲ ಮಹಾರಾಯ, ಕೂದಲು! ಪಾತ್ರೆ ತೊಳೆಯುವಾಗ ಕೈ ಒದ್ದೆಯಾಗಿರುತ್ತಿತ್ತು, ಹಣೆಗೆ ಬಿದ್ದ ಕೂದಲನ್ನು ಅಮ್ಮ ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳುತ್ತಿದ್ದಳು. ಮಣಿಕಟ್ಟಿನಿಂದ. ಬೆರಳಿನಿಂದಲ್ಲ. ಅದು ದಣಿವಲ್ಲ, ಅವಳ ಠೀವಿ.

ಅಮ್ಮ ಹೋದ ಮೇಲೆ ತಮ್ಮ ಆ ಸನ್ನೆ ಮಾಡಿದ್ದನ್ನು ನಾನು ಕಂಡಿಲ್ಲ. ಅಮ್ಮನ ವಿಷಯ ಬಂದರೆ ಗೋಡೆಯ ಫೋಟೊ ತೋರಿಸುತ್ತಾನೆ, ಕೈ ಮಾತ್ರ ಹಣೆಗೆ ಹೋಗುವುದಿಲ್ಲ. ಅದನ್ನು ಈ ಮನುಷ್ಯ ಹೂದಾನಿ ಪಕ್ಕ ಕೂತು, ತಪ್ಪಾಗಿ, ನಗುನಗುತ್ತಾ...

ಕ್ಯಾಪ್ಷನ್ ಹಾಕಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ. ಕೆಲಸ ಕೆಲಸವೇ.

ಆಗಸ್ಟ್ 25, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಕೋರ್ಸುಗಳು ಶುರುವಾದವು. ನಾಲ್ಕನೇ ವಾರದ ಫೈಲ್ ಹಾಗೇ ಇಟ್ಟುಕೊಂಡಿದ್ದೇನೆ. 'ಪರಿಶೀಲನೆಯಲ್ಲಿದೆ' ಎಂದು ಬರೆದರೆ ಯಾರೂ ಕೇಳುವುದಿಲ್ಲ.

ಇವತ್ತು ತಮ್ಮ ಬಂದಿದ್ದ. ಪೀಠೋಪಕರಣದ ಕಾರ್ಖಾನೆಯಲ್ಲಿ ಅವನ ಕೆಲಸ, ಮರ ಅವನ ಮಾತು ಕೇಳುತ್ತದೆ. ನನ್ನ ಗೋಡೆಗೆ ಶೆಲ್ಫ್ ಕೂರಿಸಿಕೊಡಲು ಬಂದವನು. ನಾನು ಕೆಳಗೆ ಹಾಲು ತರಲು ಹೋದೆ. ಲ್ಯಾಪ್‌ಟಾಪ್ ತೆರೆದೇ ಇತ್ತು, ವಿಡಿಯೊ ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ಮೂರ್ಖಳು ನಾನು. ಶುದ್ಧ ಮೂರ್ಖಳು.

ವಾಪಸ್ ಬಂದಾಗ ಅವನು ಪರದೆಯ ಮುಂದೆ ನಿಂತಿದ್ದ. ವಿಡಿಯೊ ಓಡುತ್ತಿತ್ತು. ಸರ್ ಹಣೆ ಒರೆಸಿಕೊಂಡರು. ಕೆಳಗೆ ಬಿಳಿ ಅಕ್ಷರದಲ್ಲಿ ನಾನೇ ಕೂರಿಸಿದ ಸಾಲು — 'ತಾಯಿ ಅಂದರೆ ಬೆವರು ಒರೆಸಿಕೊಳ್ಳುವವಳು.' ನಾನು ಕ್ಯಾಪ್ಷನ್ ಹಾಕಿರದಿದ್ದರೆ ಅವನಿಗೆ ಅದು ಯಾರೋ ಒಬ್ಬರು ಹಣೆ ಒರೆಸಿಕೊಂಡದ್ದಾಗಿಯೇ ಉಳಿಯುತ್ತಿತ್ತು.

ತಿರುಗಿ ಕೈಯಲ್ಲೇ ಕೇಳಿದ: ಇವನ್ಯಾರು? ಅಮ್ಮ ಇವನಿಗೆ ಹೇಗೆ ಸಿಕ್ಕಳು?

ಹೇಳಿದೆ. ಎಲ್ಲ ಹೇಳಿದೆ, ಅಕ್ಕ ಬರೆದದ್ದನ್ನೂ. ಸುಳ್ಳು ಹೇಳಲು ಹೋದರೆ ನನ್ನ ಕೈಗಳು ತೊದಲುತ್ತವೆ, ಅವನಿಗೆ ತಕ್ಷಣ ಗೊತ್ತಾಗುತ್ತದೆ. ಕೂಗಾಡುತ್ತಾನೆ, ಏನಾದರೂ ಎಸೆಯುತ್ತಾನೆ ಎಂದುಕೊಂಡೆ. ಡ್ರಿಲ್ ಎತ್ತಿಕೊಂಡು ಶೆಲ್ಫ್ ಪೂರ್ತಿ ಕೂರಿಸಿದ. ಮಟ್ಟ ನೋಡಿದ. ನೆಲದ ಪುಡಿ ಗುಡಿಸಿದ. ಹೊರಟ.

ಹಾಲಿನ ಪ್ಯಾಕೆಟ್ ಕೈಯಲ್ಲೇ ಇತ್ತು.

ಆಗಸ್ಟ್ 26, ಸೋಮವಾರ

ಅಕ್ಕ ಫೋನ್ ಮಾಡಿದಳು. ದನಿ ನೆಲ ಕಚ್ಚಿತ್ತು.

"ಅವ್ನು ನನ್ ಕಡೆ ನೋಡ್ತಾನೇ ಇಲ್ಲ."

ಕ್ಷಮಿಸು ಎನ್ನಲು ಹೋದರೆ ಕಣ್ಣು ಮುಚ್ಚಿಕೊಂಡನಂತೆ. ನಾವು ಜಗಳವಾದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಅವನು ಕಣ್ಣು ಮುಚ್ಚಿದರೆ ಸಾಕು. ಎದುರಿಗೇ ಕೂತಿರುತ್ತಾನೆ, ಮಾತು ತಲುಪಿಸಲು ದಾರಿಯೇ ಇಲ್ಲ.

ಸಂಜೆ ನನಗೆ ತಮ್ಮನ ಮೆಸೇಜ್. 'ನಿನ್ನ ಲೈಬ್ರರಿಗೆ ಬರುತ್ತೇನೆ. ಆ ಮನುಷ್ಯನನ್ನು ಕರೆಸು. ಅಕ್ಕನೂ ಬರಲಿ. ನನ್ನ ಮಾತನ್ನು ಅವಳು ಜೋರಾಗಿ ಹೇಳಲಿ. ನನ್ನದು ಮಾತ್ರ. ಅವಳದು ಬೇಡ.'

ದೊಡ್ಡ ಮೇಡಂಗೆ ತೋರಿಸಿದೆ. ಎರಡು ಸಲ ಓದಿದರು. "ಕರೆಸೋಣ" ಎಂದರು.

ಸೆಪ್ಟೆಂಬರ್ 2, ಸೋಮವಾರ

ಇನ್ನೂ ಮೈ ಬಿಸಿ ಇದೆ.

ದೊಡ್ಡ ಮೇಡಂ ಕೋಣೆ. ಸರ್ ನಗುತ್ತಲೇ ಬಂದರು, ಫೈಲ್ ತಡವಾದದ್ದಕ್ಕೆ ಸಮಜಾಯಿಷಿ ಹೇಳಲು ಕರೆದಿದ್ದಾರೆ ಎಂದುಕೊಂಡು. ಅಕ್ಕನನ್ನು ಕಂಡು ನಗು ಅರ್ಧಕ್ಕೆ ನಿಂತಿತು. ಆಮೇಲೆ ಅವಳ ಪಕ್ಕದ ಗಂಡಸನ್ನು ನೋಡಿದರು. ಕೆಲಸದಿಂದ ನೇರ ಬಂದಿದ್ದ, ತೋಳಿನ ಮೇಲೆ ಮರದ ಪುಡಿ.

"ಇವ್ರು?"

"ಮಗು ಕ" ಎಂದಳು ಅಕ್ಕ.

ತಮ್ಮ ಎದ್ದು ನಿಂತು ನಮಸ್ಕಾರ, ಹೇಗಿದ್ದೀರಿ ಎಂದ. ಮನೆಯ ಸನ್ನೆಯಲ್ಲಿ ಅಲ್ಲ; ಕಿವಿ ಕೇಳಿಸದವರ ಶಾಲೆಯಲ್ಲಿ ಎಳೆ ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಸನ್ನೆಯಲ್ಲಿ. ಎಲ್ಲ ಕಡೆ ನಡೆಯುವ ನಾಣ್ಯ ಅದು. ಸರ್ ಅವನ ಕೈ ನೋಡಿದರು. ಅರ್ಥವಾಗಲಿಲ್ಲ. ಅಕ್ಕನ ಬಾಯಿ ನೋಡಿದರು. ಆಮೇಲೆ ಬಗ್ಗಿ, ತಮ್ಮನ ಮುಖದ ಹತ್ತಿರ, ಕೂಗಿ ಹೇಳಿದರು — "ಚೆನ್ನಾಗಿದೀಯೇನಪ್ಪಾ?"

ದೊಡ್ಡ ಮೇಡಂ ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ.

ನಂತರ ಮಾತು ಬಿಸಿಯಾಯಿತು. ಮನೆಸನ್ನೆಗಳು ಎಲ್ಲ ಮನೆಯಲ್ಲೂ ಸ್ವಲ್ಪ ಹಾಗೇ ಇರುತ್ತವೆ ಎಂದರು ಸರ್. ಎಲ್ಲ ಮನೆಯಲ್ಲೂ ಅಕ್ಕನ ಕೈ ಮುರಿದಿರುತ್ತಾ ಎಂದು ಕೇಳಿದೆ. ಶಿಷ್ಯರು ಬರೆದದ್ದು ಗುರುವಿನ ಪುಸ್ತಕಕ್ಕೆ ಸೇರುವುದು ಮೊದಲಿಂದ ನಡೆದುಬಂದದ್ದೇ ಎಂದರು. ಕೊನೆಗೆ ದನಿ ಮೆತ್ತಗೆ ಮಾಡಿದರು. "ಮುಂದಿನ ಮುದ್ರಣದಲ್ಲಿ ಇಬ್ಬರಿಗೂ ಕೃತಜ್ಞತೆ ಹೇಳೋಣ. ಒಳ್ಳೇ ಸಾಲೇ ಬರೆಯೋಣ. ಆಯ್ತಾ?"

ಅಕ್ಕನ ತಲೆ ಅಲುಗಲು ಹೊರಟಿತು. ಕಂಡೆ ನಾನು. ಎಷ್ಟು ವರ್ಷದ ಅಭ್ಯಾಸವೋ, ಆ ದನಿಗೆ ತಾನಾಗಿ ಹೂಂ ಎನ್ನುತ್ತದೆ ಕತ್ತು. ತಮ್ಮ ಅವಳ ತೋಳು ಹಿಡಿದ. ವಾರದಿಂದ ಮುಖ ನೋಡದವನು ಈಗ ಅವಳ ಕಣ್ಣಲ್ಲೇ ಕಣ್ಣಿಟ್ಟು ಹೇಳಿದ, ಅವಳು ಜೋರಾಗಿ ಹೇಳಿದಳು, ದನಿ ಒಡೆಯುತ್ತಾ:

"ಅಮ್ಮನ್ನ ತೆಗೀರಿ. ಥ್ಯಾಂಕ್ಸ್ ಬೇಡ. ಅಮ್ಮನ್ನ ತೆಗೀರಿ."

ಸರ್ ಕೈ ಚೆಲ್ಲಿದರು. "ಅಚ್ಚಾದದ್ದನ್ನ ನಾನು ಹೇಗೆ ತೆಗೀಲಿ? ಹಕ್ಕು ಪ್ರಕಾಶಕರದು. ಇವರೇ ಹೇಳಿದಾರೆ, ಕೇಳಿ" — ನನ್ನ ಕಡೆ ಬೆರಳು.

ನನ್ನದೇ ಮಾತು, ನನ್ನ ಮುಖಕ್ಕೇ.

ದೊಡ್ಡ ಮೇಡಂ ಬಾಯಿಬಿಟ್ಟದ್ದು ಆಗಲೇ. "ಪುಸ್ತಕದ ಹಕ್ಕು ಪ್ರಕಾಶಕರದು, ಸರಿ. ಕೋರ್ಸ್ ಪುಟ ನಮ್ಮದು. ಅಧ್ಯಾಯ ಹೋಗಲ್ಲ. ವಿಡಿಯೊನೂ ಹೋಗಲ್ಲ. ಇವತ್ತೇ ಕುಲಪತಿಗಳಿಗೆ ಬರೀತೀನಿ, ವಿಚಾರಣೆ ಆಗ್ಲಿ."

"ನೀವು ಪುಟ ಎಣಿಸೋರು ಮೇಡಂ" ಎಂದರು ಸರ್.

"ಹೌದು. ಈ ಪುಟಗಳು ಎಣಿಕೆಗೆ ಸಿಗ್ತಾ ಇಲ್ಲ."

ಬಾಗಿಲು ಬಡಿದುಕೊಂಡು ಹೋದರು. ತಮ್ಮನಿಗೆ ಅದು ಕೇಳಿಸಲಿಲ್ಲ, ಆದರೆ ಗೋಡೆ ನಡುಗಿದ್ದು ಗೊತ್ತಾಯಿತು. ಅಂಗೈಯಿಂದ ಗೋಡೆ ಮುಟ್ಟಿ ನೋಡಿದ.

ಸೆಪ್ಟೆಂಬರ್ 12, ಗುರುವಾರ

ಇವತ್ತು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರಕಾಶಕರ ಉತ್ತರ ಬಂತು. ಆವತ್ತು ಹಾಕಿದ್ದ ಮೇಲ್, ಮರೆತೇ ಹೋಗಿತ್ತು. ತುಂಬ ಸಂತೋಷದಿಂದ ಪೂರ್ತಿ ಪುಸ್ತಕಕ್ಕೆ ಅನುಮತಿ ಕೊಟ್ಟಿದ್ದಾರೆ, ಒಂದು ಅವಧಿಗೆ. ಮೊಹರು, ಸಹಿ, ಎಲ್ಲ ಚೊಕ್ಕ. ನಮ್ಮ ಅಮ್ಮನನ್ನು ಹಂಚಲು ಯಾರೋ ಪರವೂರಿನ ಆಫೀಸಿನವರು ನನಗೆ ಅನುಮತಿ ಕೊಟ್ಟರು.

ಇಷ್ಟು ವರ್ಷ ಇಂಥ ಕಾಗದ ಬಂದರೆ ನಿಶ್ಚಿಂತೆಯಾಗಿ ಅಪ್‌ಲೋಡ್ ಮಾಡುತ್ತಿದ್ದೆ. ಅದರಾಚೆ ಇನ್ನೊಬ್ಬರನ್ನು ಕೇಳಬೇಕು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕಾನೂನಿಗೂ ಹೊಳೆದಿಲ್ಲ ಬಿಡು. 'ಮಗು ಕ'ನನ್ನು ಕೇಳಿ ಎಂದು ಯಾವ ನಿಯಮವೂ ಹೇಳುವುದಿಲ್ಲ.

ಅವರಿಗೆ ವಾಪಸ್ ಬರೆದೆ, ವಿಚಾರಣೆಯ ವಿಷಯ ತಿಳಿಸಿ. ಫೋನೇ ಬಂತು. ಗಾಬರಿಯಾಗಿದ್ದರು, ಪಾಪ.

ಕೋರ್ಸ್ ಪುಟದಲ್ಲಿ ನಾಲ್ಕನೇ ವಾರ ಖಾಲಿ. ವಿದ್ಯಾರ್ಥಿಗಳ ಪ್ರಶ್ನೆಗಳು: ಓದು ಎಲ್ಲಿ? ಪರೀಕ್ಷೆಗೆ ಇದೆಯಾ? ಕ್ಯಾಂಟೀನಿನಲ್ಲಿ ಯಾರೋ ಹೇಳಿದರಂತೆ, ಅಕ್ಕನಿಗೆ ಡಿಗ್ರಿ ಸಿಗದ ಹೊಟ್ಟೆಯುರಿಗೆ ತಂಗಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ. ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದೆ. ಹೋಗಬಾರದಿತ್ತು. ಅಲ್ಲೇ ಕೂತು ಉಣ್ಣಬೇಕಿತ್ತು.

ಸೆಪ್ಟೆಂಬರ್ 30, ಸೋಮವಾರ

ವಿಚಾರಣೆ ಸಮಿತಿ ಅಕ್ಕನನ್ನೂ ತಮ್ಮನನ್ನೂ ಕರೆಸಿತ್ತು. ಅನುವಾದಕ್ಕೆ ಹೊರಗಿನವರನ್ನು ಇಟ್ಟಿದ್ದರು. ನಾನು ಕಾರಿಡಾರಿನಲ್ಲಿ. ಬಾಗಿಲ ಮೇಲಿನ ಗಾಜಿನಿಂದ ತಮ್ಮನ ಕೈಗಳು ಮಾತ್ರ ಕಾಣುತ್ತಿದ್ದವು, ಆಗಾಗ.

ಸರ್ ಒಪ್ಪಿಕೊಂಡರು. ನಂಬಲಾಗುತ್ತಿಲ್ಲ, ಆದರೆ ಒಪ್ಪಿಕೊಂಡರಂತೆ. ಆ ಮನೆಗೆ ನೀವು ಯಾವಾಗ ಹೋದಿರಿ, ಬೀದಿ ಯಾವುದು ಎಂದು ಕೇಳಿದಾಗ ಮೊದಲು ಸಿಟ್ಟಾದರು, ಆಮೇಲೆ ನೀರು ಕೇಳಿದರು, ಆಮೇಲೆ ಮುಖ ಮುಚ್ಚಿಕೊಂಡು ಹೇಳಿದರು — ಹೋಗಿಲ್ಲ. ಮುಖ್ಯಸ್ಥರ ಸ್ಥಾನ ಬಿಟ್ಟು ರಜೆಯ ಮೇಲೆ ಹೋಗಿದ್ದಾರೆ. ಪ್ರಕಾಶಕರು ಪುಸ್ತಕದ ಮಾರಾಟ ನಿಲ್ಲಿಸಿದ್ದಾರೆ. ಕೋರ್ಸ್ ಈಗ ಬೇರೆ ಮೇಷ್ಟರದು.

ಗೆದ್ದೆವು ಎನ್ನಬೇಕು. ಅಕ್ಕ ಹೊರಗೆ ಬಂದವಳು ಬೆಂಚಿನ ಮೇಲೆ ಕುಸಿದಳು. "ಅವ್ರಿಗೆ ವಯಸ್ಸಾಗಿದೆ ಕಣೇ" ಎಂದಳು. ಅಷ್ಟೇ ಅಂದದ್ದು.

ತಮ್ಮ ಅವಳ ಮುಂದೆ ಬಂದು ನಿಂತ. ಅವಳು ತಲೆ ಎತ್ತಲಿಲ್ಲ, ಈ ಸಲ ಕಣ್ಣು ಮುಚ್ಚಿಕೊಂಡವಳು ಅವಳು. ಅವನು ಮಂಡಿಯೂರಿ, ಅವಳ ಮುಚ್ಚಿದ ಕಣ್ಣ ಮುಂದೆ ಕಾದ. ಬಹಳ ಹೊತ್ತು. ಅವಳು ಕಣ್ಣು ಬಿಟ್ಟಾಗ ಹೇಳಿದ: ಮತ್ತೆ ಬರಿ. ಈ ಸಲ ನನ್ನನ್ನು ಕೇಳಿ ಬರಿ.

ನಾನು ಆ ಕಡೆ ತಿರುಗಿಕೊಂ... ಅತ್ತೆ. ಬರೆಯಲು ಏನು ನಾಚಿಕೆ.

ಅಕ್ಟೋಬರ್ 13, ಭಾನುವಾರ. ಅಕ್ಕನ ಮನೆ

ಅಡುಗೆಮನೆ ಟೇಬಲ್ಲಿನ ಒಂದು ಕೊನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೊಂದು ಕೊನೆಯಲ್ಲಿ ಇಬ್ಬರ ಯುದ್ಧ. ಎರಡು ವಾರದಿಂದ ಇದೇ. ಅವಳು ಒಂದು ಸಾಲು ಬರೆಯುತ್ತಾಳೆ, ಅವನು ಓದಿ ಹಾಗಲ್ಲ ಎನ್ನುತ್ತಾನೆ. ಅವಳು ಹಣೆ ಚಚ್ಚಿಕೊಳ್ಳುತ್ತಾಳೆ. "ಹೊಸಬ್ರಿಗೆ ಕ್ಲಚ್ ಕಲಿಸೋದೇ ವಾಸಿ!"

ಅಮ್ಮನ ವಿಷಯ ಇರುವುದಿಲ್ಲ. ಅದು ಅವನ ಷರತ್ತು, ಚರ್ಚೆ ಇಲ್ಲ. ಉಳಿದದ್ದು ಇಬ್ಬರ ಹೆಸರಿನಲ್ಲಿ, ಯಾರು ಬೇಕಾದರೂ ಓದಲಿ, ಹಂಚಲಿ ಎಂದು ಬರೆದುಕೊಡುತ್ತಾರೆ. ಪುಟದ ಮಿತಿ ಇಲ್ಲ, ಪಾಸ್‌ವರ್ಡ್ ಇಲ್ಲ. ಹೊಸ ಮೇಷ್ಟರು ಕಾಯುತ್ತಿದ್ದಾರೆ. ನಾಳೆ ಬೆಳಿಗ್ಗೆ ನಾನೇ ಹಾಕುತ್ತೇನೆ.

ಮೊದಲ ಪುಟ ಈಗಷ್ಟೇ ಓದಲು ಕೊಟ್ಟರು. ಓದಿ ಕೂತಲ್ಲೇ ಕೂತಿದ್ದೇನೆ.

ಚಿಕ್ಕವನಿದ್ದಾಗ ತಮ್ಮ ನಮ್ಮ ಬಾಯಿಯ ಕಡೆ ಕೈ ತೋರಿಸಿ ಅಳುತ್ತಿದ್ದ. ದಿನಕ್ಕೆ ಎಷ್ಟು ಸಲವೋ. ಹಸಿವು ಎಂದುಕೊಂಡಿದ್ದೆವು. ಅಮ್ಮ ಓಡಿಹೋಗಿ ಏನಾದರೂ ತಂದು ಬಾಯಿಗೆ ಹಾಕುತ್ತಿದ್ದಳು. ಅಕ್ಕನ ಹಳೆಯ ಬರಹದಲ್ಲೂ ಹಸಿವು ಎಂದೇ ಇತ್ತು, ಸರ್ ಪುಸ್ತಕದಲ್ಲೂ ಹಸಿವು ಎಂದೇ ಅಚ್ಚಾಯಿತು. ಯಾರೂ ಅವನನ್ನು ಕೇಳಿರಲಿಲ್ಲ. ಮೊನ್ನೆ ಅಕ್ಕ ಕೇಳಿದ್ದಾಳೆ, ಮೊದಲ ಸಲ.

ಹಸಿವಲ್ಲವಂತೆ. ನಮ್ಮ ಬಾಯಿಗಳು ಯಾವಾಗಲೂ ಆಡುತ್ತಿದ್ದವಲ್ಲ — ನಾವೆಲ್ಲ ಇಡೀ ದಿನ ಏನೋ ತಿನ್ನುತ್ತಿದ್ದೇವೆ, ತನಗೊಬ್ಬನಿಗೇ ಕೊಡುತ್ತಿಲ್ಲ ಎಂದುಕೊಂಡಿದ್ದನಂತೆ. ಏನಾದರೂ ತಿನ್ನಿಸಿದಾಗ, ಇದಲ್ಲ, ನೀವು ತಿನ್ನುತ್ತಿರುವುದು ಬೇಕು ಎಂದು ಇನ್ನೂ ಜೋರಾಗಿ ಅಳುತ್ತಿದ್ದನಂತೆ.

ಮಾತನ್ನು. ಮಾತನ್ನು ಕೇಳುತ್ತಿದ್ದ. ನಾವು ಅನ್ನ ಹಾಕಿದೆವು.

ಎಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಟೇಬಲ್ಲಿನಲ್ಲಿ... ಅಕ್ಷರ ಓರೆಯಾಗುತ್ತಿದೆ. ತಮ್ಮ ಟೇಬಲ್ ತಟ್ಟುತ್ತಿದ್ದಾನೆ. ನನಗೇ ಏನೋ ಹೇಳಬೇಕಂತೆ, ಮತ್ತೆ ತಟ್ಟುತ್ತಿದ್ದಾನೆ. ಬರೆಯುತ್ತಾ ಅವನ ಮಾತು ಕೇಳಲು ಆಗುವುದಿಲ್ಲ, ತಲೆ ಎತ್ತಬೇಕು, ಪೆನ್ನು